ಕಣ್ಣು ಮುಚ್ಚಿದರೆ ಕತ್ತು ಎಲ್ಲಿದೆ?

ಸತ್ಯನಾರಾಯಣಪೇಟೆಯ ನಮ್ಮ ಓಣಿಯಿಂದ ದೊಡ್ಡ ರಸ್ತೆಗೆ ಸ್ಕೂಟರ್ ತಿರುಗಿಸುತ್ತಿದ್ದೆ. "ತಾತಾ, ಆಟೋ!" ಎಂದು ಹಿಂದೆ ಕೂತಿದ್ದ ಮೊಮ್ಮಗಳು ಚೀರಿದಳು. ಬ್ರೇಕ್ ಹಿಡಿದೆ, ಬಚಾವಾದೆವು. ಕಣ್ಣಿನದೇನೂ ತಪ್ಪಿರಲಿಲ್ಲ; ಕತ್ತೇ ಅಷ್ಟು ದೂರ ಹೊರಳಿರಲಿಲ್ಲ. ಮನೆಗೆ ಬಂದದ್ದೇ ಅವಳು ಸ್ಕೂಟರಿನ ಕೀಲಿಯನ್ನು ತನ್ನ ಕಂಪಾಸ್ ಬಾಕ್ಸಿಗೆ ಹಾಕಿಕೊಂಡಳು.

ಫಿಸಿಯೋಥೆರಪಿ ಡಾಕ್ಟರಮ್ಮ ಮೊದಲು ಕತ್ತು ಎಷ್ಟು ತಿರುಗುತ್ತದೆ ಎಂದು ಅಳೆದರು. ಎಳೆಯರಿಗೆ ಒಂದೊಂದು ಕಡೆಗೂ ಸುಮಾರು 80 ಡಿಗ್ರಿಯಂತೆ. ನನಗೆ 50 ದಾಟಲಿಲ್ಲ. ಆಮೇಲೆ ಹಣೆಗೆ ಪಟ್ಟಿ ಕಟ್ಟಿ, ಅದಕ್ಕೊಂದು ಪುಟ್ಟ ಲೇಸರ್ ಸಿಕ್ಕಿಸಿದರು. ಗೋಡೆಯಿಂದ ನನ್ನ ತಲೆಗೆ 90 ಸೆಂಟಿಮೀಟರ್. ಗೋಡೆಯ ಕಾಗದದ ನಟ್ಟನಡುವೆ ಕೆಂಪು ಚುಕ್ಕೆ ನಿಂತಿತು.

"ಕಣ್ಣು ಮುಚ್ಚಿ ಬಲಕ್ಕೆ ತಿರುಗಿ. ಈಗ ಮೊದಲಿದ್ದಲ್ಲಿಗೇ ಬನ್ನಿ."

ಸರಿಯಾಗಿ ಬಂದೆ ಅಂದುಕೊಂಡೇ ಕಣ್ಣು ಬಿಟ್ಟೆ. ಚುಕ್ಕೆ ಎಲ್ಲೋ ಪಕ್ಕದಲ್ಲಿತ್ತು! ಎರಡೂ ಕಡೆ ಹಲವು ಸಲ ಮಾಡಿಸಿ ಸರಾಸರಿ ತೆಗೆದರು: 9 ಸೆಂಟಿಮೀಟರ್. ಮೊಮ್ಮಗಳದು ಎರಡೇ. ಅವಳ ಜಂಬ ಕೇಳಬೇಡಿ.

ಕತ್ತಿನ ಸ್ನಾಯುಗಳೊಳಗೆ, ಅದರಲ್ಲೂ ತಲೆಬುರುಡೆಯ ಬುಡದ ಪುಟ್ಟ ಸ್ನಾಯುಗಳಲ್ಲಿ, ಎಳೆತವನ್ನು ಗುರುತಿಸುವ ಸೂಕ್ಷ್ಮ ಅಂಗಗಳು ದಟ್ಟವಾಗಿವೆ. ತಲೆ ಎತ್ತ ಇದೆ ಎಂದು ಅವು ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಆ ಸುದ್ದಿಗೂ ಕಣ್ಣು, ಒಳಗಿವಿ ಹೇಳುವುದಕ್ಕೂ ತಾಳೆಯಾಗದಿದ್ದರೆ ತಲೆ ತಿರುಗಿದಂತೆ, ಹೆಜ್ಜೆ ವಾಲಿದಂತೆ ಆಗಬಹುದು. ಇದನ್ನು ಅಳೆಯುವ ಈ ಬಗೆಯನ್ನು ಫ್ರಾನ್ಸಿನ ಮಿಶೆಲ್ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ತಪ್ಪಿದರೆ ಕತ್ತಿನ ಅರಿವು ಮಂಕಾಗಿರಬಹುದು ಎಂದು ಲೆಕ್ಕ.

ನಾಲ್ಕೂವರೆ ಡಿಗ್ರಿ ಎಂದರೆ ಎಷ್ಟು? ಮೊಮ್ಮಗಳು ಸೀಮೆಸುಣ್ಣ ಹಿಡಿದು ನೆಲದ ಮೇಲೆ 90 ಸೆಂಟಿಮೀಟರ್ ಗೆರೆ ಎಳೆದಳು. ಕೋನಮಾಪಕ ಇಟ್ಟು ಪಕ್ಕದಲ್ಲಿ ಇನ್ನೊಂದು. ತುದಿಯಲ್ಲಿ ಅಂತರ 7 ಸೆಂಟಿಮೀಟರ್, ಕೂದಲೆಳೆಯಷ್ಟು ಜಾಸ್ತಿ. ನೀವೂ ಎಳೆದು ನೋಡಿ. ಲೇಸರ್ ಮಾತ್ರ ಮನೆಯಲ್ಲಿ ಬೇಡ ಮಕ್ಕಳೇ, ಕಣ್ಣಿಗೆ ಬಿದ್ದರೆ ಅಪಾಯ.

ವ್ಯಾಯಾಮಕ್ಕೂ ಅದೇ ಲೇಸರ್. ಗೋಡೆಯಲ್ಲಿ ಬರೆದ ಎಂಟರ ಅಂಕಿಯ ಮೇಲೆ ಚುಕ್ಕೆಯನ್ನು ನಿಧಾನವಾಗಿ ಓಡಿಸಬೇಕು, ಕತ್ತಿನಿಂದಲೇ. ಅಕ್ಷರಾಭ್ಯಾಸದ ದಿನ ನೆನಪಾಯಿತು. ಅಂದಿನ ನನ್ನ ಅಕ್ಷರವೂ ಹೀಗೇ ಸೊಟ್ಟಗಿತ್ತು.

ಆರು ವಾರದ ಮೇಲೆ ಮತ್ತೆ ಅಳೆದಾಗ 6 ಸೆಂಟಿಮೀಟರ್ ಬಂತು. ಖುಷಿಯಿಂದ ಕೀಲಿ ಕೇಳಿದೆ.

"ಅದು ಸರಿ ತಾತಾ, ಕತ್ತು ಎಷ್ಟು ತಿರುಗುತ್ತೆ?"

60 ಡಿಗ್ರಿ. ಕೀಲಿ ಇನ್ನೂ ಕಂಪಾಸ್ ಬಾಕ್ಸಿನಲ್ಲೇ ಇದೆ.