ನಾರ್ಟನ್ನಿನ ಒಂಟಿ ಸಿಲಿಂಡರು

ಮೈಸೂರಿನಿಂದ ನಂಜನಗೂಡಿಗೆ ಹೊರಟವರಿಗೆ ತಾಂಡವಪುರಕ್ಕಿಂತ ಮೊದಲು ಕಡಕೊಳವು ಸಿಕ್ಕುತ್ತದೆ. ಅಲ್ಲಿಗೆ ಸಮೀಪದ ಬ್ಯಾತಹಳ್ಳಿಯಲ್ಲಿ ಟಿ.ವಿ.ಎಸ್. ಮೋಟಾರು ಸಂಸ್ಥೆಯ ಕಾರ್ಖಾನೆಯಿದೆ. ಈ ಸಂಸ್ಥೆಯು 2020ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ನಾರ್ಟನ್ ಮೋಟಾರು ಸೈಕಲ್ ಉದ್ಯಮವನ್ನು 1 ಕೋಟಿ 60 ಲಕ್ಷ ಪೌಂಡಿಗೆ ಕೊಂಡಿತು. ನಾರ್ಟನ್ನಿನ ಹೆಸರಿಗೆ ಬೆಲೆ ತಂದುವು ಪಂದ್ಯಗಳು. ಅವುಗಳಲ್ಲಿ ಓಡಿದ ಎಂಜಿನುಗಳ ಕಥೆಯನ್ನು ಇಲ್ಲಿ ನೋಡೋಣ.

1907ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಮೊದಲನೆಯ ಟಿ.ಟಿ. ಪಂದ್ಯದ ಎರಡು ಸಿಲಿಂಡರಿನ ವರ್ಗದಲ್ಲಿ ರೆಮ್ ಫೌಲರನು ನಾರ್ಟನ್ ಗಾಡಿಯನ್ನು ನಡೆಸಿ ಗೆದ್ದನು. ಎಂಜಿನು ಮಾತ್ರ ಫ್ರಾನ್ಸಿನ ಪ್ಯೂಜೋ ಕಂಪೆನಿಯದು. ಅನಂತರ ಜೇಮ್ಸ್ ನಾರ್ಟನನು ಸ್ವಂತ ಎಂಜಿನುಗಳನ್ನು ನಿರ್ಮಿಸಿದನು. ಅವುಗಳಲ್ಲಿ ಹೆಸರಾದುದು 490 ಸಿ.ಸಿ.ಯದು, ಸಿಲಿಂಡರು ಒಂದೇ. 1927ರಲ್ಲಿ ವಾಲ್ಟರ್ ಮೂರ್ ಎಂಬಾತನು ಕವಾಟಗಳನ್ನು ತೆರೆಯುವ ಕ್ಯಾಮನ್ನು ಸಿಲಿಂಡರಿನ ನೆತ್ತಿಗೇರಿಸಲು, ಅಲೆಕ್ ಬೆನೆಟ್ಟನು ಆ ವರ್ಷದ ಸೀನಿಯರ್ ಟಿ.ಟಿ.ಯನ್ನು ಗೆದ್ದನು. ಜೋ ಕ್ರೇಗನು ಈ ಎಂಜಿನನ್ನೇ ವರ್ಷವರ್ಷವೂ ತಿದ್ದುತ್ತ ಹೋದನು.

ಆದರೆ ತಿದ್ದುವುದಕ್ಕೂ ಮಿತಿಯುಂಟು. ಒಂಟಿ ಸಿಲಿಂಡರಿನ ಪಿಸ್ಟನ್ ದೊಡ್ಡದು, ಭಾರವಾದದ್ದು. ಅತಿವೇಗವಾಗಿ ಆಡಿಸಿದರೆ ಅದರ ಎಳೆತವನ್ನು ಲೋಹವು ತಾಳಲಾರದು. ಇಟಲಿಯ ಗಿಲೇರಾದಲ್ಲಿದ್ದ ನಾಲ್ಕು ಸಣ್ಣ ಪಿಸ್ಟನ್ನುಗಳು ಹೆಚ್ಚು ವೇಗವಾಗಿ ಆಡಬಲ್ಲವಾಗಿದ್ದುವು. ಬಲವೂ ಅಷ್ಟು ಹೆಚ್ಚಿತು. 1950ರಲ್ಲಿ ಮ್ಯಾಕ್‌ಕ್ಯಾಂಡ್ಲೆಸ್ ಸೋದರರ ಹೊಸ ಚೌಕಟ್ಟು ನಾರ್ಟನ್ನಿಗೆ ನೆರವಾಯಿತು. ಬಲದಲ್ಲಿ ಸೋತುದನ್ನು ತಿರುವುಗಳಲ್ಲಿ ಗೆದ್ದು, ಜೆಫ್ ಡ್ಯೂಕನು 1951ರಲ್ಲಿ 350 ಮತ್ತು 500 ಸಿ.ಸಿ. ವರ್ಗಗಳೆರಡರಲ್ಲಿಯೂ ಜಗಜ್ಜೇತನಾದನು. 1953ರಲ್ಲಿ ಅದೇ ಡ್ಯೂಕನು ಗಿಲೇರಾದ ಸವಾರನಾದನು! ಅವನನ್ನು ದೂರುವುದು ನಮಗೆ ನ್ಯಾಯವೆಂದು ತೋರುವುದಿಲ್ಲ.

ಖಾಸಗಿ ಸವಾರರು ಮಾತ್ರ ಒಂಟಿ ಸಿಲಿಂಡರನ್ನು ಬಿಡಲಿಲ್ಲ. 1969ರ ಯುಗೊಸ್ಲಾವಿಯದ ಪಂದ್ಯವನ್ನು, ಪ್ರಬಲರಾದ ಎಂ.ವಿ. ತಂಡದವರು ಬಾರದಿದ್ದಾಗ, ಗಾಡ್‌ಫ್ರೀ ನ್ಯಾಷನು ನಾರ್ಟನ್ನಿನಲ್ಲಿಯೇ ಗೆದ್ದನು.