ಬಿಸಿಲು ಎಲ್ಲರದು, ಬಾಡಿಗೆ ಪಹಣಿ ಇದ್ದವರದು

ಕಳೆದ ಭಾನುವಾರ ಪುಣೆಯ ವಾಕಡ್‌ನಲ್ಲಿ ನಾವಿರುವ ಹೌಸಿಂಗ್ ಸೊಸೈಟಿಯ ಸಭೆ ಇತ್ತು. ವಿಷಯ ಒಂದೇ: ತಾರಸಿಗೆ ಸೋಲಾರ್ ಹಾಕಿಸಬೇಕೇ, ಬೇಡವೇ? 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸ್ವಂತ ಸೂರು ಇದ್ದವರಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಸೊಸೈಟಿಗಳಿಗೆ ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ. ಎಂಜಿನಿಯರ್ ಅಲ್ಲವೇ ಎಂದು ಖರ್ಚು–ಉಳಿತಾಯದ ಎಕ್ಸೆಲ್ ಶೀಟ್ ಮಾಡುವ ಕೆಲಸ ನನಗೇ ಬಂದಿತ್ತು. ಮತ ಹಾಕುವ ಹೊತ್ತಿಗೆ ಮಾತ್ರ ಕಾರ್ಯದರ್ಶಿ ನಗುತ್ತಾ, ‘ಭಾಡೇಕರು ಬಿಟ್ಟು ಉಳಿದವರು ಕೈ ಎತ್ತಿ’ ಎಂದರು. ಭಾಡೇಕರು ಎಂದರೆ ಬಾಡಿಗೆದಾರರು. ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡೆ.

ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ನೆನಪಾದದ್ದು ಪಾವಗಡ. ತುಮಕೂರು ಜಿಲ್ಲೆಯ ಆ ತಾಲ್ಲೂಕು ನನ್ನಮ್ಮನ ತವರು. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಬಸ್ಸು ಎಂಬಂಥ ಸೀಮೆ. ಅಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ತಲೆ ಎತ್ತಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ಣ. ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ 28 ವರ್ಷಕ್ಕೆ ಗುತ್ತಿಗೆ ಪಡೆದದ್ದು ಇದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯುತ್ತದೆ.

ನನ್ನ ಮಾವನ ಆರು ಎಕರೆಗೆ ವರ್ಷಕ್ಕೆ 1,26,000 ರೂಪಾಯಿ ಬರತೊಡಗಿತು. ಮಳೆಯ ಹಂಗಿಲ್ಲದ ದುಡ್ಡನ್ನು ಆ ಮನೆ ಕಂಡದ್ದು ಅದೇ ಮೊದಲು. ಸುಳ್ಳು ಹೇಳಲಾರೆ, ನನ್ನ ಎಂಟೆಕ್‌ನ ಕೊನೆಯ ವರ್ಷದ ಫೀಸು ಕಟ್ಟಿದ್ದು ಅದೇ ದುಡ್ಡು.

ಆದರೆ ಆ ಹೊಲದಲ್ಲಿ ಪ್ರತಿ ವರ್ಷ ಕಳೆ ತೆಗೆದು, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳಿಗೆ ಒಂದು ಗುಂಟೆಯೂ ಇರಲಿಲ್ಲ. ಗುತ್ತಿಗೆ ಪತ್ರಕ್ಕೆ ಮಾವ ಸಹಿ ಹಾಕಿದ ದಿನ ಅವಳ ಕೂಲಿ ನಿಂತಿತು. ಕುರಿ ಮೇಯಿಸುತ್ತಿದ್ದ ಬಯಲಿಗೆ ಬೇಲಿ ಬಿತ್ತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು ನಿಜ. ಆದರೆ ಹೊಲದಷ್ಟು ಕೈಗಳನ್ನು ಫಲಕ ಬೇಡುವುದಿಲ್ಲ.

ಪಹಣಿ ಇದ್ದವರೂ ಪೂರ್ತಿ ಗೆದ್ದಿಲ್ಲ. ಅದೇ ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ: ಗುತ್ತಿಗೆಯ ಕೊನೆಯ ಎರಡು ವರ್ಷ ಎಕರೆಗೆ ಸುಮಾರು 39,600 ರೂಪಾಯಿ ಬರುತ್ತದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ ಅದು ಮೊದಲ ವರ್ಷದ 11,000 ರೂಪಾಯಿಗೆ ಸಮ. ಅಂದರೆ ಮಾವನ ಮಗನ ಕೈಗೆ ಬರುವುದು ಮಾವನಿಗೆ ಬಂದದ್ದರಲ್ಲಿ ಅರ್ಧ.

ಸೌರ ವಿದ್ಯುತ್ ಬೇಡವೆಂದು ನಾನು ಹೇಳುತ್ತಿಲ್ಲ. ಕಲ್ಲಿದ್ದಲ ಹೊಗೆಗಿಂತ ಅದು ಸಾವಿರ ಪಾಲು ಮೇಲು. ಪ್ರಶ್ನೆ ಇರುವುದು ಹಣ ಯಾವ ದಾರಿ ಹಿಡಿಯುತ್ತದೆ ಎಂಬುದರಲ್ಲಿ. ಸಬ್ಸಿಡಿ ತಾರಸಿಯನ್ನು ಹುಡುಕಿಕೊಂಡು ಹೋಗುತ್ತದೆ, ಗುತ್ತಿಗೆ ಹಣ ಪಹಣಿಯನ್ನು. ಎರಡೂ ಇಲ್ಲದವರ ಮನೆಗೆ ದಾರಿ ಬೇರೆಯೇ ಹಾಕಬೇಕು. ಹಾಕಲು ಬರುತ್ತದೆ ಕೂಡ. ಕರ್ನಾಟಕದ ಗೃಹಜ್ಯೋತಿಯ 200 ಯೂನಿಟ್ ಬಾಡಿಗೆ ಮನೆಯವರಿಗೂ ಸಿಗುತ್ತಿದೆ. ತಾರಸಿ ಇಲ್ಲದವರೂ ಬೇರೆಡೆಯ ಸೌರ ಘಟಕದಲ್ಲಿ ಪಾಲು ಪಡೆದು ತಮ್ಮ ಬಿಲ್ಲಿನಲ್ಲಿ ಕಳೆದುಕೊಳ್ಳುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ 2019ರಲ್ಲೇ ನಿಯಮ ಮಾಡಿತು. ಹಾಗೆಯೇ ಸೌರ ಪಾರ್ಕ್‌ನ ಪ್ರತಿ ಯೂನಿಟ್‌ನಿಂದ ಒಂದೆರಡು ಪೈಸೆ ಆ ಊರಿನ ಭೂಹೀನರಿಗೆಂದು ಯಾಕೆ ಎತ್ತಿಡಬಾರದು?

ನಮ್ಮ ಸೊಸೈಟಿಯಲ್ಲಿ ಸೋಲಾರ್‌ಗೆ ಒಪ್ಪಿಗೆ ಸಿಕ್ಕಿದೆ. ಮತವಿಲ್ಲದಿದ್ದರೂ ನನಗೆ ಸಂಬಳವಿದೆ, ಬದುಕು ನಡೆಯುತ್ತದೆ. ಅಂದು ರಾತ್ರಿ ಮಾವನಿಗೆ ಫೋನ್ ಮಾಡಿ ಆ ಹೆಂಗಸು ಈಗೆಲ್ಲಿದ್ದಾಳೆ ಎಂದು ಕೇಳಿದೆ. ‘ಬೆಂಗಳೂರಲ್ಲಿ ಎಲ್ಲೋ ಕಟ್ಟಡದ ಕೆಲಸಕ್ಕೆ ಹೋಗ್ತಾಳಂತೆ, ಯಾಕಪ್ಪಾ?’ ಎಂದರು. ಏನೂ ಇಲ್ಲ ಎಂದೆ. ನನ್ನ ಫೀಸು ಕಟ್ಟಿದ ಹೊಲವನ್ನು ಅಷ್ಟು ವರ್ಷ ಹಸನು ಮಾಡಿದವಳು ಅವಳೇ ಎಂಬುದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.