ರಾಮನಗರದ ‘ಕ್ಲೋಸ್‌ಪೇಟೆ’: ಯಾರು ಈ ಕ್ಲೋಸ್? ಆ ಹೆಸರಿನ ಅರ್ಥ ಏನು?

ರಾಮನಗರದ ಹಿರಿಯರನ್ನ ಕೇಳಿ ನೋಡಿ, ‘ನಮ್ಮೂರಿಗೆ ಮುಂಚೆ ಕ್ಲೋಸ್‌ಪೇಟೆ ಅಂತಿದ್ರು’ ಅಂತಾರೆ. ಈಗಿನ ಹುಡುಗರಿಗೆ ಇದು ತಮಾಷೆ. ‘ಪೇಟೆ ಕ್ಲೋಸ್ ಆಗಿತ್ತಾ ಸಾರ್?’ ಅಂತಾರೆ.

ಪೇಟೆ ಮುಚ್ಚಿರಲಿಲ್ಲ. ಕ್ಲೋಸ್ ಅನ್ನೋದು ಒಂದು ಮನೆತನದ ಹೆಸರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿಗೆ ಮೊದಲ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದವರು ಬ್ಯಾರಿ ಕ್ಲೋಸ್. ಐರ್ಲೆಂಡ್‌ನವರು, ಕಂಪನಿಯ ಸೇನಾಧಿಕಾರಿ. ಬೆಂಗಳೂರು–ಮೈಸೂರು ದಾರಿಯಲ್ಲಿ, ಬೆಟ್ಟ-ಕಾಡಿನ ನಡುವೆ, 1800ರಲ್ಲಿ ದಿವಾನ್ ಪೂರ್ಣಯ್ಯನವರು ಹೊಸ ಊರು ಕಟ್ಟಿಸಿ ಅದಕ್ಕೆ ಈ ಅಧಿಕಾರಿಯ ಹೆಸರಿಟ್ಟರು.

ಇನ್ನು ಹೆಸರಿನ ಅರ್ಥ. ಇಂಗ್ಲಿಷ್‌ನಲ್ಲಿ ‘ಮುಚ್ಚು’ ಅನ್ನುವಾಗ ಕೊನೆಯ ಅಕ್ಷರ ‘ಝ್’ ಥರ ಕೇಳುತ್ತೆ. ಈ ಹೆಸರಿನಲ್ಲಿ ಅದು ‘ಸ್’. ಆದರೆ ಬೇರು ಒಂದೇ: ಲ್ಯಾಟಿನ್‌ನಿಂದ ಫ್ರೆಂಚ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಬಂದ ಪದ. ಸುತ್ತ ಬೇಲಿ ಅಥವಾ ಗೋಡೆ ಹಾಕಿದ ಜಾಗ, ಆವರಣ ಅಂತ ಅರ್ಥ. ಇಂಗ್ಲೆಂಡಿನಲ್ಲಿ ಅಂಥ ಆವರಣದ ಹತ್ತಿರ ಇದ್ದವರಿಗೆ ಜಾಗದ ಗುರುತೇ ಮನೆತನದ ಹೆಸರಾಯಿತು. ನಮ್ಮ ಕಡೆ ‘ಕೋಟೆ ಮನೆಯವರು’, ‘ತೋಟದ ಮನೆಯವರು’ ಅನ್ನಲ್ವಾ, ಹಾಗೇ.

ಮುಂದೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಊರು ರಾಮನಗರವಾಯಿತು. ಪಕ್ಕದಲ್ಲೇ ರಾಮದೇವರ ಬೆಟ್ಟ ಇದೆಯಲ್ಲ. ಹನುಮಂತಯ್ಯನವರ ಹೆಸರಿನ ಮುಂದಿರೋ ‘ಕೆಂಗಲ್’ ಕೂಡ ಜಾಗದ ಹೆಸರೇ. ಚನ್ನಪಟ್ಟಣದ ದಾರಿಯಲ್ಲಿ ಆಂಜನೇಯನ ಗುಡಿ ಇರುವ ಊರು ಅದು. ಕೆಂಗಲ್ಲು ಅಂದರೆ ಕೆಂಪು ಕಲ್ಲು.

ಹಾಗಾದ್ರೆ ಕ್ಲೋಸ್ ಹೆಸರು ಅಳಿಸಿಹೋಯ್ತಾ? ಇಲ್ಲ, ಅದು ಬಂಡೆಯಲ್ಲಿ ಉಳಿದಿದೆ. ಇಲ್ಲಿನ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಇವತ್ತಿಗೂ ‘ಕ್ಲೋಸ್‌ಪೇಟ್ ಗ್ರಾನೈಟ್’ ಅಂತಲೇ ಹೇಳ್ತಾರೆ. ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಹಬ್ಬಿರೋ, ಸುಮಾರು 250 ಕೋಟಿ ವರ್ಷ ಹಳೆಯ ಶಿಲೆ ಇದು. ‘ಶೋಲೆ’ಯ ಗಬ್ಬರ್ ಸಿಂಗ್ ಕೂತಿದ್ದೂ ಇದೇ ಬಂಡೆಗಳ ಮೇಲೆ.

2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಅಂತ ಹೆಸರು ಬದಲಾದಾಗ ಪರ-ವಿರೋಧ ಎರಡೂ ಕೇಳಿಬಂತು. ಸಹಜವೇ. ಹೆಸರು ಹೋದರೆ ಅದರ ಜೊತೆಗಿರೋ ಕಥೆಯೂ ಹೋಗುತ್ತೆ ಅನ್ನೋ ಭಯ ಅದು. ಹಾಗಾಗಿ, ನಿಮ್ಮೂರಿಗೂ ಹಳೇ ಹೆಸರಿದ್ದರೆ ಮನೆಯ ಹಿರಿಯರನ್ನ ಕೇಳಿ ಇವತ್ತೇ ಬರೆದಿಟ್ಟುಕೊಳ್ಳಿ.